ಧ್ವನಿಯ ಪ್ಲಗ್‌ಇನ್ ಕೆಟ್ಟರೆ ಚಿತ್ರ ಯಾಕೆ ನಿಲ್ಲಬೇಕು?

ಸಂಕಲನಕಾರ: ಸರ್, ಪ್ರಾಜೆಕ್ಟ್ ತೆರೀತಾನೇ ಇಲ್ಲ. ಲೋಡ್ ಆಗೋ ಪಟ್ಟಿ ಮುಕ್ಕಾಲು ಪಾಲು ತುಂಬುತ್ತೆ, ಅಷ್ಟರಲ್ಲಿ ಸಾಫ್ಟ್‌ವೇರೇ ಮುಚ್ಚಿ ಹೋಗುತ್ತೆ. ಎರರ್ ಮೆಸೇಜ್ ಕೂಡ ಬರಲ್ಲ. ಯಕ್ಷಗಾನದ ಹಿರಿಯ ಭಾಗವತರೊಬ್ಬರ ಸಾಕ್ಷ್ಯಚಿತ್ರ ಅದು. ಒಂದು ಗಂಟೆಯ ಟೈಮ್‌ಲೈನ್ ಪೂರ್ತಿ ಕಟ್ಟಿ ಆಗಿದೆ. ಒಳಗೆ ಹೋಗೋಕೇ ದಾರಿ ಇಲ್ಲ.

ಶಬ್ದಗ್ರಾಹಕ: ಹಾಗಾದ್ರೆ ಇನ್ನೊಂದು ಸಲ ತೆರೆಯೋಕೆ ಹೋಗಬೇಡ. ಮೊದಲು ಪ್ರಾಜೆಕ್ಟ್ ಫೈಲಿನ ಒಂದು ಪ್ರತಿ ಬೇರೆ ಡ್ರೈವಿಗೆ ಹಾಕು. ಆಟೋಸೇವ್ ಫೋಲ್ಡರನ್ನೂ ಇಡಿಯಾಗಿ ಎತ್ತಿಡು. ಹೊಸ ಆಟೋಸೇವ್ ಬಂದ ಹಾಗೆ ಹಳೇವು ಅಳಿದು ಹೋಗ್ತವೆ, ನಮಗೆ ಹಳೇದೇ ಬೇಕಾಗಬಹುದು. ಅದು ಮುಗಿಸಿ ಹೇಳು, ಕೊನೇ ಸಲ ಸರಿಯಾಗಿ ತೆರೆದಾಗಿನಿಂದ ಈಚೆಗೆ ಏನೇನು ಮಾಡಿದೆ?

ಸಂಕಲನಕಾರ: ಚಿತ್ರ ಏನೂ ಮುಟ್ಟಿಲ್ಲ. ಭಾಗವತರ ಸಂದರ್ಶನದ ಧ್ವನಿ ಶುಚಿ ಮಾಡ್ತಿದ್ದೆ. ಬಯಲಾಟದ ದಿನ ವೇಷ ಕಟ್ಟೋ ಚೌಕಿಯಲ್ಲೇ ಕೂತು ಮಾತಾಡಿದ್ದಾರೆ, ಹೊರಗೆ ಜನರೇಟರ್ ಓಡ್ತಿತ್ತು. ಆ ಗುಂಯ್ ಅನ್ನೋ ಸದ್ದು ತೆಗೆಯೋಕೆ ಒಂದು ನಾಯ್ಸ್ ರಿಡಕ್ಷನ್ ಪ್ಲಗ್‌ಇನ್ ಹಾಕಿದ್ದೀನಿ. ಅದರ ಜೊತೆಗೆ ಒಂದು ಈಕ್ವಲೈಸರ್, ಮಾಸ್ಟರ್ ಮೇಲೆ ಲಿಮಿಟರ್.

ಶಬ್ದಗ್ರಾಹಕ: ನಾಯ್ಸ್ ರಿಡಕ್ಷನ್ ಹಾಕಿದ್ದು ಟ್ರ್ಯಾಕ್ ಮೇಲೋ, ಕ್ಲಿಪ್ ಮೇಲೋ?

ಸಂಕಲನಕಾರ: ಕ್ಲಿಪ್ ಮೇಲೆ. ಎಫೆಕ್ಟ್ಸ್ ಪ್ಯಾನೆಲ್‌ನಿಂದ ಎಳೆದು ಹಾಕಿದ್ದೆ.

ಶಬ್ದಗ್ರಾಹಕ: ಸರಿ, ಅದಕ್ಕೆ ಆಮೇಲೆ ಬರೋಣ. ಈಗ ಪ್ರಾಜೆಕ್ಟ್ ತೆರೆಸೋಣ. ನಿನ್ನದು ವಿಂಡೋಸ್ ಅಲ್ವಾ? ಸಿ ಡ್ರೈವ್‌ನ ಪ್ರೋಗ್ರಾಮ್ ಫೈಲ್ಸ್ ಒಳಗೆ ಕಾಮನ್ ಫೈಲ್ಸ್ ಅಂತ ಇದೆ, ಅದರೊಳಗೆ ವಿಎಸ್‌ಟಿ3 ಫೋಲ್ಡರ್. ಆ ನಾಯ್ಸ್ ರಿಡಕ್ಷನ್ ಪ್ಲಗ್‌ಇನ್ ಫೈಲನ್ನ ಅಲ್ಲಿಂದ ಕತ್ತರಿಸಿ ಡೆಸ್ಕ್‌ಟಾಪ್ ಮೇಲಿಡು. ಅದೇ ಫೋಲ್ಡರ್ ಒಳಗೆ ‘ಹಳೇದು’ ಅಂತ ಇನ್ನೊಂದು ಫೋಲ್ಡರ್ ಮಾಡಿ ಹಾಕಿದ್ರೆ ಪ್ರಯೋಜನ ಇಲ್ಲ. ಸಾಫ್ಟ್‌ವೇರ್ ಒಳಗಿನ ಫೋಲ್ಡರ್‌ಗಳನ್ನೂ ಜಾಲಾಡುತ್ತೆ. ಮ್ಯಾಕ್ ಆಗಿದ್ರೆ ಲೈಬ್ರರಿ, ಆಡಿಯೋ, ಪ್ಲಗ್‌ಇನ್ಸ್ ಅನ್ನೋ ದಾರಿಯಲ್ಲಿ ಹೋದರೆ ಕಾಂಪೊನೆಂಟ್ಸ್, ವಿಎಸ್‌ಟಿ, ವಿಎಸ್‌ಟಿ3 ಅಂತ ಮೂರು ಫೋಲ್ಡರ್ ಸಿಗ್ತಾವೆ. ಅಲ್ಲಿ ಇನ್ನೊಂದು ತೊಡಕಿದೆ. ಇಡೀ ಕಂಪ್ಯೂಟರಿಗೆ ಒಂದು ಲೈಬ್ರರಿ, ಬಳಕೆದಾರನಿಗೆ ಬೇರೆ ಒಂದು ಲೈಬ್ರರಿ. ಎರಡನೇದು ಮಾಮೂಲಾಗಿ ಕಾಣಲ್ಲ, ಆಪ್ಷನ್ ಕೀ ಒತ್ತಿ ಹಿಡಿದು ಗೋ ಮೆನು ತೆರೆದರೆ ಕಾಣುತ್ತೆ. ಒಂದರಲ್ಲಿ ಹೊಸ ಆವೃತ್ತಿ, ಇನ್ನೊಂದರಲ್ಲಿ ಯಾವತ್ತೋ ಹಾಕಿದ ಹಳೇ ಆವೃತ್ತಿ ಇದ್ದು ಜನ ಒದ್ದಾಡೋದನ್ನ ನೋಡಿದ್ದೀನಿ.

ಸಂಕಲನಕಾರ: ಫೈಲ್ ಎತ್ತಿಟ್ಟೆ. ತೆರೀತಿದ್ದೀನಿ… ತೆರೆದುಕೊಳ್ತು ಸರ್! ಟೈಮ್‌ಲೈನ್ ಇದೆ. ಆದ್ರೆ ಕ್ಲಿಪ್‌ಗಳ ಮೇಲೆ ಎಫೆಕ್ಟ್ ಆಫ್‌ಲೈನ್ ಅಂತ ತೋರಿಸ್ತಿದೆ.

ಶಬ್ದಗ್ರಾಹಕ: ತೋರಿಸಲಿ. ಈಗಲೇ ಹೊಸ ಹೆಸರಲ್ಲಿ ಸೇವ್ ಮಾಡು, ಮೂಲ ಫೈಲ್ ಹಾಗೇ ಇರಲಿ. ನಿನ್ನ ಕಟ್ಟಿಂಗ್ ಪೂರ್ತಿ ಕೈಗೆ ಬಂತು, ಹೋಗಿದ್ದು ಒಂದು ಎಫೆಕ್ಟ್ ಮಾತ್ರ. ಇಷ್ಟು ಗೊತ್ತಿಲ್ಲದೆ ಎಷ್ಟೋ ಜನ ಪ್ರಾಜೆಕ್ಟ್ ಸತ್ತೇಹೋಯ್ತು ಅಂದುಕೊಂಡು ಮೊದಲಿಂದ ಎಡಿಟ್ ಮಾಡ್ತಾರೆ. ಅದು ನನಗೆ ತುಂಬ ಸಂಕಟ ಕೊಡೋ ಸಂಗತಿ.

ಸಂಕಲನಕಾರ: ಸ್ನೇಹಿತರೆಲ್ಲ ಎಡಿಟಿಂಗ್ ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡು ಅಂತಿದ್ರು.

ಶಬ್ದಗ್ರಾಹಕ: ಮಾಡಿದ್ರೂ ಏನೂ ಆಗ್ತಿರಲಿಲ್ಲ. ಪ್ಲಗ್‌ಇನ್ ಇರೋದು ಎಡಿಟಿಂಗ್ ಸಾಫ್ಟ್‌ವೇರಿನ ಫೋಲ್ಡರ್‌ನಲ್ಲಿ ಅಲ್ಲ, ಎಲ್ಲ ಸಾಫ್ಟ್‌ವೇರ್‌ಗಳಿಗೂ ಸೇರಿದ ಸಾಮಾನ್ಯ ಜಾಗದಲ್ಲಿ. ನೀನು ಪ್ರೀಮಿಯರ್ ತೆಗೆದು ಹಾಕು, ರಿಸಾಲ್ವ್ ತೆಗೆದು ಹಾಕು, ಆ ಫೋಲ್ಡರ್ ಅಲುಗಾಡಲ್ಲ. ಮತ್ತೆ ಹಾಕಿದ ಸಾಫ್ಟ್‌ವೇರ್ ಅದೇ ಕೆಟ್ಟ ಫೈಲನ್ನ ಮತ್ತೆ ಎತ್ತಿಕೊಳ್ಳುತ್ತೆ.

ಸಂಕಲನಕಾರ: ನನಗೆ ಅರ್ಥ ಆಗದೇ ಇರೋದು ಒಂದೇ. ಜನರೇಟರ್ ಸದ್ದು ತೆಗೆಯೋ ಸಣ್ಣ ಪ್ಲಗ್‌ಇನ್ ಅದು. ಅದು ಕೆಟ್ಟರೆ ಅದು ನಿಲ್ಲಲಿ. ಇಡೀ ಸಾಫ್ಟ್‌ವೇರ್, ಚಿತ್ರ, ಸಬ್‌ಟೈಟಲ್ ಎಲ್ಲ ಯಾಕೆ ಹೋಗಬೇಕು?

ಶಬ್ದಗ್ರಾಹಕ: ಒಂದೇ ಮೀಟರಿನ ವಠಾರ ನೋಡಿದ್ದೀಯಾ? ಯಾವುದೋ ಒಂದು ಮನೆಯಲ್ಲಿ ಶಾರ್ಟ್ ಆದ್ರೆ ಫ್ಯೂಸ್ ಹೋಗಿ ಎಲ್ಲ ಮನೇಲೂ ಕತ್ತಲೆ. ಪ್ಲಗ್‌ಇನ್ ಅನ್ನೋದು ಸ್ವಂತವಾಗಿ ಓಡೋ ಪ್ರೋಗ್ರಾಮ್ ಅಲ್ಲ. ಎಡಿಟಿಂಗ್ ಸಾಫ್ಟ್‌ವೇರ್ ಅದನ್ನ ತನ್ನದೇ ಪ್ರೊಸೆಸ್ ಒಳಗೆ ಎಳೆದುಕೊಂಡು ಓಡಿಸುತ್ತೆ, ಇಬ್ಬರಿಗೂ ಒಂದೇ ಮೆಮೊರಿ. ಪ್ಲಗ್‌ಇನ್ ತನಗೆ ಸೇರದ ಮೆಮೊರಿ ವಿಳಾಸಕ್ಕೆ ಕೈ ಹಾಕಿದ ಕೂಡಲೇ ಆಪರೇಟಿಂಗ್ ಸಿಸ್ಟಂ ಆ ಪ್ರೊಸೆಸ್ಸನ್ನೇ ನಿಲ್ಲಿಸುತ್ತೆ. ಒಳಗೆ ತಪ್ಪು ಮಾಡಿದ್ದು ಯಾರು ಅಂತ ಅದು ಬಿಡಿಸಿ ನೋಡಲ್ಲ.

ಸಂಕಲನಕಾರ: ಬೇರೆ ಪ್ರೊಸೆಸ್‌ನಲ್ಲಿ ಓಡಿಸೋಕೆ ಆಗಲ್ವಾ?

ಶಬ್ದಗ್ರಾಹಕ: ಆಗುತ್ತೆ. ಸಂಗೀತದ ಸಾಫ್ಟ್‌ವೇರ್‌ಗಳಲ್ಲಿ ಬಿಟ್‌ವಿಗ್ ಸ್ಟುಡಿಯೋ, ರೀಪರ್ ಎರಡರಲ್ಲೂ ಆ ಸೌಲಭ್ಯ ಇದೆ. ಪ್ಲಗ್‌ಇನ್ ಸತ್ತರೆ ಆ ಎಫೆಕ್ಟ್ ಮಾತ್ರ ಸುಮ್ಮನಾಗುತ್ತೆ, ಹಾಡು ಉಳಿಯುತ್ತೆ. ಇದಕ್ಕೊಂದು ಹಿನ್ನೆಲೆ ಇದೆ ನೋಡು. ವಿಎಸ್‌ಟಿ ಅನ್ನೋ ಪ್ಲಗ್‌ಇನ್ ಮಾದರಿ 1996ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಸ್ಟೈನ್‌ಬರ್ಗ್ ಕಂಪನಿ ತನ್ನ ಸಂಗೀತದ ಸಾಫ್ಟ್‌ವೇರ್ ಕ್ಯೂಬೇಸ್ ಜೊತೆ ತಂದಿದ್ದು. ಹಾಡು ರೆಕಾರ್ಡ್ ಮಾಡೋರಿಗಾಗಿ ಹುಟ್ಟಿದ್ದು ಅದು. ವಿಎಸ್‌ಟಿ3 ಬಂದಿದ್ದು 2008ರಲ್ಲಿ. ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ಗಳು ಅದನ್ನ ಸಂಗೀತದವರಿಂದ ಎರವಲು ತಗೊಂಡವು. ರಿಸಾಲ್ವ್ ವಿಷಯ ಸ್ವಲ್ಪ ಬೇರೆ. ಅದನ್ನ ಮಾಡೋ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿ 2016ರಲ್ಲಿ ಫೇರ್‌ಲೈಟ್ ಅನ್ನೋ ಆಸ್ಟ್ರೇಲಿಯಾದ ಧ್ವನಿ ಕಂಪನಿಯನ್ನೇ ಕೊಂಡುಕೊಂಡು, ಮುಂದಿನ ವರ್ಷ ರಿಸಾಲ್ವ್ 14ರಲ್ಲಿ ಅದನ್ನ ಒಂದು ಪುಟವಾಗಿ ಸೇರಿಸಿತು. ಒಟ್ಟಿನಲ್ಲಿ ಪ್ಲಗ್‌ಇನ್ ಬರೆಯೋರ ಕಣ್ಣ ಮುಂದೆ ಮೊದಲಿಗೆ ಇರೋದು ಸಂಗೀತಗಾರ, ನೀನಲ್ಲ. ನಿನ್ನ ತೊಂದರೆಯ ಬೇರು ಅಲ್ಲಿದೆ ಅಂತ ನನ್ನ ಅನುಮಾನ. ಆದ್ರೆ ಅನುಮಾನ ಸಾಕಾಗಲ್ಲ, ನೋಡಿ ತಿಳಿಯೋಣ. ಈವೆಂಟ್ ವ್ಯೂವರ್ ತೆರೆ.

ಸಂಕಲನಕಾರ: ಎಲ್ಲಿದೆ ಅದು?

ಶಬ್ದಗ್ರಾಹಕ: ಸ್ಟಾರ್ಟ್ ಮೆನುವಿನಲ್ಲಿ ಹೆಸರು ಟೈಪ್ ಮಾಡು, ಬರುತ್ತೆ. ಎಡಗಡೆ ವಿಂಡೋಸ್ ಲಾಗ್ಸ್, ಅದರ ಕೆಳಗೆ ಅಪ್ಲಿಕೇಶನ್. ಕೆಂಪು ಗುರುತಿನ ಸಾಲುಗಳು ಕಾಣ್ತಿವೆಯಾ? ಸಾಫ್ಟ್‌ವೇರ್ ಮುಚ್ಚಿದ ಹೊತ್ತಿಗೆ ಹೊಂದೋ ಸಾಲನ್ನ ಒತ್ತು. ಕೆಳಗೆ ‘ಫಾಲ್ಟಿಂಗ್ ಅಪ್ಲಿಕೇಶನ್’ ಅಂತ ಮೊದಲ ಸಾಲು, ಅಲ್ಲಿ ನಿನ್ನ ಎಡಿಟಿಂಗ್ ಸಾಫ್ಟ್‌ವೇರ್ ಹೆಸರು ಇರುತ್ತೆ. ಅದನ್ನ ಬಿಡು. ಮುಂದಿನದು ‘ಫಾಲ್ಟಿಂಗ್ ಮಾಡ್ಯೂಲ್’. ಅಲ್ಲಿ ಏನಿದೆ?

ಸಂಕಲನಕಾರ: ಆ ನಾಯ್ಸ್ ರಿಡಕ್ಷನ್ ಪ್ಲಗ್‌ಇನ್ ಹೆಸರೇ ಇದೆ. ಕೆಳಗೆ ಎಕ್ಸೆಪ್ಶನ್ ಕೋಡ್ ಅಂತ ಒಂದು ಸಂಖ್ಯೆ. ಸಿ ಅಕ್ಷರ, ಆರು ಸೊನ್ನೆ, ಕೊನೆಗೆ 5.

ಶಬ್ದಗ್ರಾಹಕ: ಅದೇ ನಾನು ಹೇಳಿದ್ದು, ತನ್ನದಲ್ಲದ ಮೆಮೊರಿಗೆ ಕೈ ಹಾಕಿದ್ದರ ಗುರುತು. ಮ್ಯಾಕ್‌ನಲ್ಲಾದ್ರೆ ಕನ್ಸೋಲ್ ಅನ್ನೋ ಆ್ಯಪ್‌ನಲ್ಲಿ ಕ್ರ್ಯಾಶ್ ರಿಪೋರ್ಟ್ ಸಿಗುತ್ತೆ. ಉದ್ದಕ್ಕಿರುತ್ತೆ, ಹೆದರಬೇಕಾಗಿಲ್ಲ. ಯಾವ ಥ್ರೆಡ್ ಕ್ರ್ಯಾಶ್ ಆಯ್ತು ಅಂತ ಮೇಲೇ ಬರೆದಿರುತ್ತೆ. ಆ ಥ್ರೆಡ್ ಹತ್ತಿರ ಹೋಗಿ 0, 1, 2 ಅಂತ ಇಳಿಯೋ ಸಾಲುಗಳನ್ನ ಮೇಲಿಂದ ಓದು. ಎರಡನೇ ಅಂಕಣದಲ್ಲಿ ಇರೋದು ಫೈಲ್ ಹೆಸರು. ಆ್ಯಪಲ್‌ನದೂ ಅಲ್ಲದ, ಎಡಿಟಿಂಗ್ ಸಾಫ್ಟ್‌ವೇರಿನದೂ ಅಲ್ಲದ ಮೊದಲ ಹೆಸರು ಯಾವುದೋ ಅದನ್ನ ಮೊದಲು ಅನುಮಾನಿಸಬೇಕು.

ಸಂಕಲನಕಾರ: ಹಾಗಾದ್ರೆ ಯಾವಾಗಲೂ ರಿಪೋರ್ಟ್ ನೋಡಿದ್ರೆ ಆಯ್ತಲ್ಲ.

ಶಬ್ದಗ್ರಾಹಕ: ಯಾವಾಗಲೂ ಇಷ್ಟು ಸಲೀಸಾಗಿ ಸಿಗಲ್ಲ. ಒಂದು ಪ್ಲಗ್‌ಇನ್ ಮೆಮೊರಿ ಹಾಳು ಮಾಡಿ ಸುಮ್ಮನಿದ್ದು, ಆ ಹಾಳಾದ ಜಾಗವನ್ನ ಆಮೇಲೆ ಮುಟ್ಟಿದ ಇನ್ನೊಂದು ಸಾಯಬಹುದು. ಆಗ ರಿಪೋರ್ಟ್‌ನಲ್ಲಿ ಬರೋದು ಸತ್ತವನ ಹೆಸರು. ಕೆಲವು ಸಲ ವಿಂಡೋಸ್‌ನದೇ ಫೈಲ್ ಹೆಸರು ಇರುತ್ತೆ, ಏನೂ ತಿಳಿಯಲ್ಲ. ಅಂಥ ಹೊತ್ತಲ್ಲಿ ಅರ್ಧರ್ಧ ಮಾಡಿ ಹುಡುಕಬೇಕು. ನಿನ್ನ ಹತ್ತಿರ 120 ಪ್ಲಗ್‌ಇನ್ ಇವೆ ಅಂತಿಟ್ಟುಕೋ. 60 ಎತ್ತಿ ಹೊರಗಿಡು, ಸಾಫ್ಟ್‌ವೇರ್ ತೆರೆ. ಈಗಲೂ ಕ್ರ್ಯಾಶ್ ಆದ್ರೆ ಕಳ್ಳ ಒಳಗಿನ 60ರಲ್ಲಿದ್ದಾನೆ, ಆಗದಿದ್ರೆ ಹೊರಗಿನ 60ರಲ್ಲಿ. ಆ 60ನ್ನ ಮತ್ತೆ 30, 30 ಮಾಡು. ಹೀಗೆ ಹೋದ್ರೆ ಹೆಚ್ಚೆಂದರೆ 7 ಸುತ್ತಿನಲ್ಲಿ ಒಂದೇ ಫೈಲಿಗೆ ಬಂದು ನಿಲ್ತೀಯ. ಒಂದೊಂದೇ ತೆಗೆದು ನೋಡ್ತಾ ಕೂತರೆ ರಾತ್ರಿಯೆಲ್ಲ ಬೇಕು.

ಸಂಕಲನಕಾರ: ಎರಡು ಪ್ಲಗ್‌ಇನ್ ಸೇರಿದಾಗ ಮಾತ್ರ ಕ್ರ್ಯಾಶ್ ಆಗೋದಾದ್ರೆ?

ಶಬ್ದಗ್ರಾಹಕ: ಸರಿಯಾದ ಪ್ರಶ್ನೆ. ಆಗ ಎರಡು ಅರ್ಧಗಳೂ ನಿರಪರಾಧಿಗಳ ಥರ ಕಾಣ್ತವೆ. ಹಾಗೆ ಕಂಡಾಗ ಆ ಲೆಕ್ಕ ಬಿಟ್ಟು, ನಿನ್ನ ಚಿತ್ರಕ್ಕೆ ನಿಜವಾಗಿ ಬೇಕಾದ ನಾಲ್ಕಾರು ಪ್ಲಗ್‌ಇನ್ ಮಾತ್ರ ಒಳಗಿಟ್ಟು, ಒಂದೊಂದೇ ಸೇರಿಸ್ತಾ ಬರಬೇಕು. ಫೈಲ್ ಎತ್ತಿಡೋ ಬದಲು ಮೆನುವಿನಿಂದಲೂ ಮಾಡಬಹುದು. ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್, ಆಡಿಯೋ, ಆಡಿಯೋ ಪ್ಲಗ್‌ಇನ್ ಮ್ಯಾನೇಜರ್. ರಿಸಾಲ್ವ್‌ನಲ್ಲಿ ಪ್ರಿಫರೆನ್ಸಸ್, ಸಿಸ್ಟಂ, ಆಡಿಯೋ ಪ್ಲಗ್‌ಇನ್ಸ್. ಟಿಕ್ ತೆಗೆದ್ರೆ ಅದನ್ನ ಬಳಸಲ್ಲ. ಸಾಫ್ಟ್‌ವೇರೇ ತೆರೆಯದಿದ್ದಾಗ ಮಾತ್ರ ಫೋಲ್ಡರಿಗೆ ಕೈ ಹಾಕಲೇಬೇಕು.

ಇನ್ನೊಂದು ವಿಷಯ. ಕ್ರ್ಯಾಶ್ ಯಾವ ಗಳಿಗೆಯಲ್ಲಿ ಆಗುತ್ತೆ ಅನ್ನೋದು ತುಂಬ ಹೇಳುತ್ತೆ. ಸಾಫ್ಟ್‌ವೇರ್ ತೆರೆಯುವಾಗಲೇ ಸತ್ತರೆ ಅದು ಪ್ಲಗ್‌ಇನ್‌ಗಳನ್ನ ಸ್ಕ್ಯಾನ್ ಮಾಡೋ ಹಂತ. ಫೈಲೇ ಕೆಟ್ಟಿರಬಹುದು, ಲೈಸೆನ್ಸ್ ಡಾಂಗಲ್ ಸಿಗದೇ ಒದ್ದಾಡ್ತಿರಬಹುದು, ವಿಂಡೋಸ್‌ನಲ್ಲಾದ್ರೆ ಅದಕ್ಕೆ ಬೇಕಾದ ವಿಷುವಲ್ ಸಿ ಪ್ಲಸ್ ಪ್ಲಸ್ ರನ್‌ಟೈಮ್ ಇಲ್ಲದಿರಬಹುದು. ಪ್ಲಗ್‌ಇನ್‌ನ ಕಿಟಕಿ ತೆರೆದ ಕೂಡಲೇ ಸತ್ತರೆ ತೊಂದರೆ ಬಹುಶಃ ಧ್ವನಿಯಲ್ಲೇ ಇಲ್ಲ, ಚಿತ್ರದಲ್ಲಿದೆ.

ಸಂಕಲನಕಾರ: ಆಡಿಯೋ ಪ್ಲಗ್‌ಇನ್‌ಗೆ ಚಿತ್ರ ಎಲ್ಲಿಂದ ಬಂತು?

ಶಬ್ದಗ್ರಾಹಕ: ಆ ತಿರುಗೋ ಗುಬುಟುಗಳು, ಕುಣಿಯೋ ಮೀಟರ್‌ಗಳು, ಬಣ್ಣದ ಸ್ಪೆಕ್ಟ್ರಮ್, ಇವನ್ನೆಲ್ಲ ಬಿಡಿಸೋಕೆ ಎಷ್ಟೋ ಪ್ಲಗ್‌ಇನ್‌ಗಳು ಓಪನ್‌ಜಿಎಲ್ ಮೂಲಕ ಗ್ರಾಫಿಕ್ಸ್ ಕಾರ್ಡನ್ನ ಬಳಸ್ತಾವೆ. ಸಂಗೀತದ ಸಾಫ್ಟ್‌ವೇರಿನಲ್ಲಿ ಆ ಕಾರ್ಡಿಗೆ ಹೆಚ್ಚು ಕೆಲಸ ಇರಲ್ಲ. ಎಡಿಟಿಂಗ್‌ನಲ್ಲಿ ಅದೇ ಕಾರ್ಡ್ 4ಕೆ ಚಿತ್ರ ಬಿಚ್ಚೋದು, ಬಣ್ಣ ತಿದ್ದೋದು ಎಲ್ಲ ಮಾಡ್ತಿರುತ್ತೆ. ಅಲ್ಲಿ ಡ್ರೈವರ್ ಹಳೇದಾಗಿದ್ರೆ ಕಿಟಕಿ ತೆರೆದ ಕೂಡಲೇ ಜಗಳ. ಮ್ಯಾಕ್‌ನಲ್ಲಿ ಆ್ಯಪಲ್ 2018ರಲ್ಲೇ ಓಪನ್‌ಜಿಎಲ್‌ಗೆ ಇನ್ನು ಮುಂದೆ ಒತ್ತು ಇಲ್ಲ ಅಂತ ಹೇಳಿಬಿಟ್ಟಿದೆ. ಕಿಟಕಿ ತೆರೆಯದೇ ಕೆಲಸ ಮಾಡೋ ದಾರಿಯೂ ಇದೆ. ಪ್ರೀಮಿಯರ್‌ನ ಎಫೆಕ್ಟ್ ಕಂಟ್ರೋಲ್ಸ್‌ನಲ್ಲಿ ಎಡಿಟ್ ಬಟನ್ ಒತ್ತದೆ, ಅದರ ಕೆಳಗಿನ ‘ಇಂಡಿವಿಜುವಲ್ ಪ್ಯಾರಾಮೀಟರ್ಸ್’ ಬಿಚ್ಚಿ ಅಲ್ಲೇ ಸಂಖ್ಯೆ ತಿದ್ದು. ಹಾಗೆ ಮಾಡಿದಾಗ ಕ್ರ್ಯಾಶ್ ಆಗದಿದ್ರೆ ಕಾರಣ ಕಿಟಕಿ ಅಂತ ಖಚಿತ.

ಸಂಕಲನಕಾರ: ನನ್ನದು ಪ್ರಾಜೆಕ್ಟ್ ತೆರೆಯುವಾಗ ಆಗಿದ್ದು. ಕಿಟಕಿ ತೆರೆಯುವಾಗ, ಪ್ಲೇ ಮಾಡುವಾಗ ಚೆನ್ನಾಗೇ ಇತ್ತು.

ಶಬ್ದಗ್ರಾಹಕ: ಈಗ ಕ್ಲಿಪ್ ವಿಷಯಕ್ಕೆ ಬರೋಣ. ಮೊದಲು ಸಂದರ್ಶನದ ಇಡೀ ಕ್ಲಿಪ್‌ಗೆ ಪ್ಲಗ್‌ಇನ್ ಹಾಕಿ, ಆಮೇಲೆ ಅದನ್ನ ಕತ್ತರಿಸಿದೆಯಾ?

ಸಂಕಲನಕಾರ: ಹೌದು. ಭಾಗವತರ ಮಾತು ಚಿತ್ರದ ಉದ್ದಕ್ಕೂ ಹಂಚಿಹೋಗಿದೆ. ಉಸಿರು, ಕೆಮ್ಮು, ನಡುನಡುವೆ ನಮ್ಮ ಪ್ರಶ್ನೆ, ಎಲ್ಲ ತೆಗೆದಿದ್ದೀನಿ.

ಶಬ್ದಗ್ರಾಹಕ: ಪ್ರತಿ ಸಲ ಬ್ಲೇಡ್ ಇಟ್ಟಾಗ ಒಂದು ಕ್ಲಿಪ್ ಎರಡಾಗುತ್ತೆ, ಜೊತೆಗೆ ಪ್ಲಗ್‌ಇನ್ ಕೂಡ ಎರಡಾಗುತ್ತೆ. ಎರಡಕ್ಕೂ ಬೇರೆ ಬೇರೆ ಮೆಮೊರಿ, ಬೇರೆ ಬೇರೆ ಸೆಟ್ಟಿಂಗ್. ಟೈಮ್‌ಲೈನ್ ನೋಡು, ಸಂದರ್ಶನವೊಂದೇ ಇನ್ನೂರರ ಮೇಲೆ ತುಂಡಾಗಿದೆ. ಅಂದ್ರೆ ಆ ನಾಯ್ಸ್ ರಿಡಕ್ಷನ್‌ನ ಇನ್ನೂರಕ್ಕೂ ಮೀರಿದ ಪ್ರತಿಗಳು. ಈಗಿನ ನಾಯ್ಸ್ ರಿಡಕ್ಷನ್‌ಗಳಲ್ಲಿ ಎಷ್ಟೋ ಮಷಿನ್ ಲರ್ನಿಂಗ್‌ನವು, ಒಂದೊಂದು ಪ್ರತಿಯೂ ಭಾರ. ಕಿಟಕಿ ಒಂದೊಂದೇ ತೆರೆದಾಗ, ಒಂದು ಕ್ಲಿಪ್ ಪ್ಲೇ ಮಾಡಿದಾಗ ಏನೂ ಆಗಲ್ಲ. ಪ್ರಾಜೆಕ್ಟ್ ತೆರೆಯುವಾಗ ಅಷ್ಟನ್ನೂ ಸಾಲಾಗಿ ಎಬ್ಬಿಸಬೇಕು, ಅಲ್ಲಿ ಮುಗ್ಗರಿಸುತ್ತೆ. ಮಾಡಿದೋರು ಇಷ್ಟು ಪ್ರತಿಗಳನ್ನ ಒಟ್ಟಿಗೆ ಓಡಿಸಿ ಪರೀಕ್ಷೆ ಮಾಡಿರೋದು ಕಷ್ಟ. ಹಾಡಿನ ಮಿಕ್ಸಿಂಗ್‌ನಲ್ಲಿ ಎಫೆಕ್ಟ್ ಕೂರೋದು ಟ್ರ್ಯಾಕ್ ಮೇಲೆ. ನಾವು ಆ ಟ್ರ್ಯಾಕಿನೊಳಗೆ ಎಷ್ಟು ಕಡೆ ಕತ್ತರಿಸಿದ್ರೂ ಪ್ಲಗ್‌ಇನ್ ಒಂದೇ. ನಿಮಗೆ ಎಡಿಟಿಂಗ್ ಸಾಫ್ಟ್‌ವೇರೇ ಕ್ಲಿಪ್ ಮೇಲೆ ಎಳೆದು ಹಾಕೋ ಅಭ್ಯಾಸ ಕಲಿಸುತ್ತೆ.

ಸಂಕಲನಕಾರ: ಹಾಗಾದ್ರೆ ಸಂದರ್ಶನದ ತುಂಡೆಲ್ಲ ಒಂದೇ ಟ್ರ್ಯಾಕಿಗೆ ತಂದು, ಟ್ರ್ಯಾಕ್ ಮೇಲೆ ಒಂದೇ ಒಂದು ಪ್ಲಗ್‌ಇನ್ ಹಾಕಬೇಕು.

ಶಬ್ದಗ್ರಾಹಕ: ಹೌದು. ಅದರಿಂದ ಧ್ವನಿಯೂ ಸುಧಾರಿಸುತ್ತೆ. ತುಂಡು ತುಂಡಿಗೂ ಬೇರೆ ಪ್ರತಿ ಇದ್ದಾಗ ಪ್ರತಿ ಕಟ್‌ನಲ್ಲೂ ಅದು ಹಿನ್ನೆಲೆ ಸದ್ದನ್ನ ಹೊಸದಾಗಿ ಅಂದಾಜು ಮಾಡೋಕೆ ಹೊರಡುತ್ತೆ. ಮಾತಿನ ಮೊದಲಕ್ಷರದ ಹಿಂದೆ ಜನರೇಟರ್ ಒಂದು ಕ್ಷಣ ಕೇಳಿ ಮಾಯ ಆಗೋದು ಅದಕ್ಕೇ. ರಿವರ್ಬ್ ಹಾಕಿದ್ರಂತೂ ಕ್ಲಿಪ್ ಮುಗಿದಲ್ಲೇ ಅದರ ಬಾಲವೂ ಕತ್ತರಿಸಿ ಹೋಗುತ್ತೆ.

ಸಂಕಲನಕಾರ: ಸಂಗೀತದ ಸಾಫ್ಟ್‌ವೇರಿನಲ್ಲಿ ಚೆನ್ನಾಗಿ ಓಡೋ ಪ್ಲಗ್‌ಇನ್ ಒಂದೇ ಒಂದು ಪ್ರತಿ ಇದ್ರೂ ಎಡಿಟಿಂಗ್‌ನಲ್ಲಿ ಸಾಯೋದನ್ನ ನೋಡಿದ್ದೀನಿ. ಅದಕ್ಕೇನು ಕಾರಣ?

ಶಬ್ದಗ್ರಾಹಕ: ಧ್ವನಿಯನ್ನ ಪ್ಲಗ್‌ಇನ್‌ಗೆ ಧಾರೆಯಾಗಿ ಸುರಿಯಲ್ಲ, ಕಂತು ಕಂತಾಗಿ ಕೊಡ್ತಾರೆ. ಸಂಗೀತದ ಸಾಫ್ಟ್‌ವೇರಿನಲ್ಲಿ ಆ ಕಂತು ಸಾಮಾನ್ಯವಾಗಿ 128, 256, 512 ಅಥವಾ 1024 ಸ್ಯಾಂಪಲ್. ವಿಡಿಯೋದ ಲೆಕ್ಕವೇ ಬೇರೆ. ನಮ್ಮಲ್ಲಿ ಸೆಕೆಂಡಿಗೆ 25 ಫ್ರೇಮ್, ಧ್ವನಿ 48,000 ಸ್ಯಾಂಪಲ್. ಒಂದು ಫ್ರೇಮಿಗೆ 1920 ಬರುತ್ತೆ. 24 ಫ್ರೇಮಾದ್ರೆ 2000. 29.97 ಆದ್ರೆ 1601.6, ಪೂರ್ಣಾಂಕವೇ ಅಲ್ಲ, ಹಾಗಾಗಿ ಕೆಲವು ಫ್ರೇಮಿಗೆ 1601, ಕೆಲವಕ್ಕೆ 1602. ‘ಇಂತಿಷ್ಟರ ಒಳಗೆ ಎಷ್ಟಾದ್ರೂ ಕೊಡ್ತೀನಿ’ ಅಂತಷ್ಟೇ ಸಾಫ್ಟ್‌ವೇರ್ ಮೊದಲೇ ಹೇಳುತ್ತೆ, ವಿಎಸ್‌ಟಿ3ರ ನಿಯಮವೂ ಅಷ್ಟೇ. ಆದ್ರೆ ಪ್ರತಿ ಸಲವೂ ತುಂಬಿದ ಕಂತೇ ಬರುತ್ತೆ ಅಂತ ನಂಬಿ ಬರೆದ ಪ್ಲಗ್‌ಇನ್‌ಗಳಿವೆ. ಕಡಿಮೆ ಕಂತು ಬಂದ ದಿನ ಅವು ಇಲ್ಲದ ಸ್ಯಾಂಪಲ್ಲನ್ನ ಓದೋಕೆ ಹೋಗ್ತಾವೆ. ಆಮೇಲೆ ಆ ಸಿ, ಆರು ಸೊನ್ನೆ, 5.

ಸಂಕಲನಕಾರ: ಎಕ್ಸ್‌ಪೋರ್ಟ್‌ನಲ್ಲಿ ಮಾತ್ರ ಸಾಯೋದೂ ಇದೇ ಕಾರಣಕ್ಕಾ?

ಶಬ್ದಗ್ರಾಹಕ: ಇದೂ ಇರಬಹುದು, ಇನ್ನೊಂದೂ ಇರಬಹುದು. ಎಕ್ಸ್‌ಪೋರ್ಟ್ ಅನ್ನೋದು ಗಡಿಯಾರದ ವೇಗದಲ್ಲಿ ನಡೆಯಲ್ಲ, ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ. ‘ಈಗ ಆಫ್‌ಲೈನ್ ರೆಂಡರ್’ ಅಂತ ಪ್ಲಗ್‌ಇನ್‌ಗೆ ಗೊತ್ತಾದಾಗ ಕೆಲವು ಹೆಚ್ಚಿನ ಗುಣಮಟ್ಟಕ್ಕೆ ಜಾರಿ ಹೆಚ್ಚು ಮೆಮೊರಿ ಕೇಳ್ತಾವೆ. ಇನ್ನು ಸಾಯದೇ ಬರೀ ಹ್ಯಾಂಗ್ ಆಗೋದು ಬೇರೆ ಜಾತಿ. ಚೆಂಡೆಯ ಕೊನೇ ಪೆಟ್ಟಿಗೆ ರಿವರ್ಬ್ ಹಾಕಿದ್ದೀಯ, ಆಮೇಲೆ ಪೂರ್ತಿ ಮೌನ, ಅಲ್ಲಿ ಕಂಪ್ಯೂಟರ್ ಏದುಸಿರು ಬಿಡೋಕೆ ಶುರು ಮಾಡುತ್ತೆ. ರಿವರ್ಬ್‌ನ ಬಾಲ ಇಳೀತಾ ಇಳೀತಾ ದಶಮಾಂಶ ಬಿಂದುವಿನ ಮುಂದೆ 37 ಸೊನ್ನೆ ಬರೋವಷ್ಟು ಸಣ್ಣ ಸಂಖ್ಯೆ ಆಗುತ್ತೆ, ಅಂಥ ಸಂಖ್ಯೆಗಳ ಲೆಕ್ಕ ಎಷ್ಟೋ ಪ್ರೊಸೆಸರ್‌ಗಳಲ್ಲಿ ತುಂಬ ನಿಧಾನ. ಚೆನ್ನಾಗಿ ಬರೆದ ಪ್ಲಗ್‌ಇನ್ ಅದನ್ನ ಸೊನ್ನೆ ಮಾಡಿ ಮುಂದೆ ಹೋಗುತ್ತೆ. ಹಳೇವು ಮಾಡಲ್ಲ.

ಸಂಕಲನಕಾರ: ನನ್ನ ಚಿತ್ರಕ್ಕೆ ಈಗ ಏನು ಮಾಡಲಿ?

ಶಬ್ದಗ್ರಾಹಕ: ಮೊದಲು ಆ ಪ್ಲಗ್‌ಇನ್ ಬೇಕೇ ಬೇಕಾ ಅಂತ ಕೇಳಿಕೋ. ಜನರೇಟರ್ ಗುಂಯ್ ಅನ್ನೋದು 50 ಹರ್ಟ್ಸ್ ಆಸುಪಾಸು, ಜೊತೆಗೆ 100, 150 ಹೀಗೆ ಅದರ ಮಡಿಗಳು. ಲೋಡ್ ಏರಿಳಿದಂತೆ ಜನರೇಟರಿನ ವೇಗ ಸ್ವಲ್ಪ ಆಡುತ್ತೆ, ಹಾಗಾಗಿ ಸರಿಯಾಗಿ 50 ಅಂತಲೇ ಇರಲ್ಲ, ಕಿವಿಯಿಟ್ಟು ಹುಡುಕಬೇಕು. ಅದನ್ನ ತೆಗೆಯೋಕೆ ಪ್ರೀಮಿಯರ್‌ನಲ್ಲೇ ಡಿಹಮ್ಮರ್ ಇದೆ, ಡಿನಾಯ್ಸ್ ಇದೆ. ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಫೇರ್‌ಲೈಟ್‌ನ ನಾಯ್ಸ್ ರಿಡಕ್ಷನ್ ಇದೆ. ಅಷ್ಟೂ ಸಾಲದಿದ್ದಾಗ ಮಾತ್ರ ಹೊರಗಿನದು.

ಇನ್ನೊಂದು ಮಾತು ಮನಸ್ಸಿನಿಂದ ಹೇಳ್ತಿದ್ದೀನಿ, ಭಾಗವತರು ಹಾಡಿದ ಪದ್ಯ ಇರೋ ಟ್ರ್ಯಾಕ್ ಮೇಲೆ ನಾಯ್ಸ್ ರಿಡಕ್ಷನ್ ಹಾಕಲೇಬೇಡ. ನಾಯ್ಸ್ ರಿಡಕ್ಷನ್ ಒಂದೇ ಸಮ ನಿಂತ ಸದ್ದನ್ನ ಗಲಾಟೆ ಅಂತ ತಿಳಿಯುತ್ತೆ. ಶ್ರುತಿಯೂ ಒಂದೇ ಸಮ ನಿಂತ ಸದ್ದೇ. ಮಾತಿಗೆ ಅಂತ ಮಾಡಿದ ಪ್ಲಗ್‌ಇನ್ ಭಾಗವತರ ಹಿಂದಿನ ಶ್ರುತಿಯನ್ನ ತಿಂದುಹಾಕುತ್ತೆ, ಹಾಡು ಬರಡಾಗುತ್ತೆ. ರಾತ್ರಿಯಿಡೀ ಹಾಡೋ ಆ ಕಂಠಕ್ಕೆ ಶ್ರುತಿಯೇ ಆಧಾರ. ಜನರೇಟರ್ ಸ್ವಲ್ಪ ಉಳಿದ್ರೂ ಪರವಾಗಿಲ್ಲ, ಶ್ರುತಿ ಉಳೀಬೇಕು.

ಸಂಕಲನಕಾರ: ಸಂದರ್ಶನಕ್ಕೆ ಆ ಪ್ಲಗ್‌ಇನ್ ನಿಜವಾಗಲೂ ಬೇಕು ಸರ್. ಕೇಳಿ ನೋಡಿದ್ದೀನಿ, ಬೇರೆ ಯಾವುದೂ ಅಷ್ಟು ಚೆನ್ನಾಗಿ ಬರಲಿಲ್ಲ.

ಶಬ್ದಗ್ರಾಹಕ: ಹಾಗಾದ್ರೆ ಅದನ್ನ ಎಡಿಟಿಂಗ್ ಒಳಗೆ ಜೀವಂತ ಇಟ್ಟುಕೊಳ್ಳಬೇಡ. ಸಂದರ್ಶನದ ಮೂಲ ಧ್ವನಿಯನ್ನ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲಾಗಿ ಹೊರಗೆ ತೆಗಿ. ಮಾನೋ ಆದ್ರೆ ಒಂದು ಗಂಟೆಗೆ ಸುಮಾರು 520 ಎಂಬಿ, ದೊಡ್ಡ ಹೊರೆ ಏನಲ್ಲ. ಆಡಿಯೋ ಸಾಫ್ಟ್‌ವೇರಿನಲ್ಲಿ ಪ್ಲಗ್‌ಇನ್ ಒಂದೇ ಸಲ ಓಡಿಸಿ, ಶುಚಿಯಾದ ಫೈಲ್ ಮಾಡಿಕೊಂಡು, ಅದನ್ನ ಟೈಮ್‌ಲೈನಿಗೆ ತಾ. ಎಡಿಟಿಂಗ್ ಒಳಗೇ ಮಾಡೋದಾದ್ರೆ ಪ್ರೀಮಿಯರ್‌ನಲ್ಲಿ ರೆಂಡರ್ ಆ್ಯಂಡ್ ರಿಪ್ಲೇಸ್, ರಿಸಾಲ್ವ್‌ನಲ್ಲಿ ಬೌನ್ಸ್ ಆಡಿಯೋ ಎಫೆಕ್ಟ್ಸ್. ಎರಡರಲ್ಲೂ ಎಫೆಕ್ಟ್ ಧ್ವನಿಯಲ್ಲೇ ಬೆರೆತು ಹೋಗುತ್ತೆ, ಆಮೇಲೆ ಪ್ಲಗ್‌ಇನ್ ಇದ್ರೂ ಇಲ್ಲದಿದ್ರೂ ಪ್ರಾಜೆಕ್ಟ್ ತೆರೆಯುತ್ತೆ. ಐದು ವರ್ಷ ಬಿಟ್ಟು ಆ ಪ್ಲಗ್‌ಇನ್ ಕಂಪನಿಯೇ ಇಲ್ಲದಿದ್ರೂ ಭಾಗವತರ ಮಾತು ಕೇಳುತ್ತೆ. ಮೂಲ ಧ್ವನಿಯನ್ನ ಮಾತ್ರ ಎಂದೂ ಅಳಿಸಬೇಡ, ಮುಂದೆ ಇದಕ್ಕಿಂತ ಒಳ್ಳೇ ಸಾಧನ ಬರಬಹುದು. ಶುಚಿ ಮಾಡಿದ ಫೈಲ್ ತಂದ ಮೇಲೆ ತುಟಿಗೂ ಮಾತಿಗೂ ಹೊಂದುತ್ತಾ ಅಂತ ನೋಡು. ಪ್ಲಗ್‌ಇನ್ 2048 ಸ್ಯಾಂಪಲ್ ತಡ ಮಾಡಿ, ಅದನ್ನ ಸಾಫ್ಟ್‌ವೇರಿಗೆ ತಿಳಿಸದಿದ್ರೆ ಸುಮಾರು 43 ಮಿಲಿಸೆಕೆಂಡ್ ಹಿಂದೆ ಬೀಳುತ್ತೆ. ಒಂದು ಫ್ರೇಮ್ ಅಂದ್ರೆ 40.

ಸಂಕಲನಕಾರ: ಸ್ಟುಡಿಯೋಗಳಲ್ಲಿ ಕ್ರ್ಯಾಕ್ ಮಾಡಿದ ಪ್ಲಗ್‌ಇನ್‌ಗಳ ಕಟ್ಟನ್ನೇ ಪೆನ್‌ಡ್ರೈವ್‌ನಲ್ಲಿ ಹಂಚ್ತಾರೆ. ಅವುಗಳಿಂದಲೂ ಹೀಗೆ ಆಗುತ್ತಾ?

ಶಬ್ದಗ್ರಾಹಕ: ಆಗದೇ ಇರುತ್ತಾ? ಲೈಸೆನ್ಸ್ ನೋಡೋ ಭಾಗವನ್ನ ಕುಯ್ದು ಹೊಲಿದ ಫೈಲ್ ಅದು. ಕುಯ್ದೋರಿಗೆ ಅದು ತೆರೆದುಕೊಂಡ್ರೆ ಸಾಕು, ಇನ್ನೂರು ಕ್ಲಿಪ್ ಮೇಲೆ ಏನಾಗುತ್ತೆ ಅನ್ನೋದು ಅವರಿಗೆ ಬೇಕಿಲ್ಲ. ಒಳಗೆ ಇನ್ನೇನು ಸೇರಿಸಿದ್ದಾರೋ ನೋಡೋರಿಲ್ಲ. ಅಪ್‌ಡೇಟ್ ಬರಲ್ಲ, ಕೆಟ್ಟರೆ ಕೇಳೋಕೆ ಯಾರೂ ಇಲ್ಲ. ಮದುವೆ ವಿಡಿಯೋ ಮಾಡೋ ಹುಡುಗರು ದುಡ್ಡಿಲ್ಲ ಅಂತಾರೆ, ಅದು ನಿಜವೇ. ಆದ್ರೆ ವಿಂಡೋಸ್‌ಗೆ ರೀಪ್ಲಗ್ಸ್ ಅಂತ ಇಡೀ ಕಟ್ಟು ಉಚಿತವಾಗಿ ಸಿಗುತ್ತೆ, ಅದರಲ್ಲಿ ಗದ್ದಲ ಕಳೆಯೋ ರೀಫರ್ ಅನ್ನೋದೂ ಇದೆ. ನ್ಯಾಯವಾದ ದಾರಿ ಇರುವಾಗ ಯಾರದ್ದೋ ಮದುವೆಯ ಏಕೈಕ ದಾಖಲೆಯನ್ನ ಅಂಥ ಫೈಲಿನ ಕೈಗೆ ಕೊಡಬಾರದು.

ಸಂಕಲನಕಾರ: ನನ್ನದು ದುಡ್ಡು ಕೊಟ್ಟು ಕೊಂಡಿದ್ದೇ ಸರ್. ಡೆಸ್ಕ್‌ಟಾಪ್ ಮೇಲಿರೋ ಆ ಫೈಲನ್ನ ಅಳಿಸಿಬಿಡಲಾ?

ಶಬ್ದಗ್ರಾಹಕ: ಅಳಿಸಬೇಡ, ದುಡ್ಡು ಕೊಟ್ಟಿದ್ದೀಯ ಅಂದ್ರೆ ಕೇಳೋ ಹಕ್ಕೂ ಇದೆ. ಹೊಸದೊಂದು ಪ್ರಾಜೆಕ್ಟ್ ಮಾಡಿ, ಅದರಲ್ಲಿ ಒಂದೇ ಒಂದು ಕ್ಲಿಪ್ ಇಟ್ಟು, ಪ್ಲಗ್‌ಇನ್ ಹಾಕಿ, ಕ್ರ್ಯಾಶ್ ಆಗೋ ತನಕ ಕತ್ತರಿಸ್ತಾ ಹೋಗು. ಎಷ್ಟು ತುಂಡಿಗೆ ಬಿತ್ತು ಅಂತ ಬರೆದುಕೋ. ಆ ಸಣ್ಣ ಪ್ರಾಜೆಕ್ಟು, ಈವೆಂಟ್ ವ್ಯೂವರ್‌ನ ಆ ಸಾಲು, ವಿಂಡೋಸ್ ಆವೃತ್ತಿ, ಎಡಿಟಿಂಗ್ ಸಾಫ್ಟ್‌ವೇರಿನ ಆವೃತ್ತಿ, ಪ್ಲಗ್‌ಇನ್ ಆವೃತ್ತಿ, ವಿಎಸ್‌ಟಿ2 ಅಥವಾ ವಿಎಸ್‌ಟಿ3 ಯಾವುದು ಅನ್ನೋದು, ಸ್ಯಾಂಪಲ್ ರೇಟ್, ಇಷ್ಟೂ ಸೇರಿಸಿ ಪ್ಲಗ್‌ಇನ್ ಮಾಡಿದೋರಿಗೆ ಕಳಿಸು. ‘ಕ್ರ್ಯಾಶ್ ಆಗ್ತಿದೆ, ಸರಿ ಮಾಡಿ’ ಅಂತ ಬರೆದ ಕಾಗದ ಅವರ ಕೈಯಲ್ಲಿ ಏನೂ ಮಾಡೋಕಾಗದೆ ಬಿದ್ದಿರುತ್ತೆ. ತಮ್ಮ ಮೇಜಿನ ಮೇಲೇ ಅದನ್ನ ಬೀಳಿಸಿ ನೋಡೋಕಾದ್ರೆ ತಿದ್ದೋದು ಅವರಿಗೆ ಸುಲಭ.

ಸಂಕಲನಕಾರ: ಎಡಿಟಿಂಗ್ ಸಾಫ್ಟ್‌ವೇರ್ ಕಂಪನಿಗೆ?

ಶಬ್ದಗ್ರಾಹಕ: ಅವರಿಗೂ ಬರಿ. ಹೊರಗಿನ ಪ್ಲಗ್‌ಇನ್ ತಪ್ಪು ಅಂತ ಅವರು ಕೈ ತೊಳೆದುಕೊಳ್ಳೋಕೆ ಬಿಡಬಾರದು. ಹೊರಗಿನ ಪ್ಲಗ್‌ಇನ್ ನಡೆಯುತ್ತೆ ಅಂತ ಹೇಳಿ ಮಾರೋರು ಅದು ಬಿದ್ದಾಗ ಚಿತ್ರ ಉಳಿಸೋ ಹೊಣೆಯನ್ನೂ ಹೊರಬೇಕು. ಪ್ಲಗ್‌ಇನ್‌ಗಳನ್ನ ಬೇರೆ ಪ್ರೊಸೆಸ್‌ನಲ್ಲಿ ಓಡಿಸಿ, ಪ್ರಾಜೆಕ್ಟ್ ತೆರೆಯುವಾಗ ಪ್ಲಗ್‌ಇನ್ ಬಿಟ್ಟು ತೆರೆಯೋ ಆಯ್ಕೆಯನ್ನ ಎಲ್ಲರಿಗೂ ಕಾಣೋ ಜಾಗದಲ್ಲಿ ಕೊಡಿ ಅಂತ ಕೇಳು. ಸಂಗೀತದ ಸಾಫ್ಟ್‌ವೇರ್‌ಗಳು ಇದನ್ನ ಮಾಡಿ ತೋರಿಸಿವೆ, ಚಿತ್ರದವರು ಮಾಡೋಕಾಗಲ್ಲ ಅನ್ನೋಕೆ ಕಾರಣ ಇಲ್ಲ. ನೀನೊಬ್ಬನೇ ಬರೆದ್ರೆ ಸಾಲದು, ಎಡಿಟಿಂಗ್ ಮಾಡೋ ನಿನ್ನ ಸ್ನೇಹಿತರಿಗೂ ಬರೆಯೋಕೆ ಹೇಳು.